ಪಾರ್ಶ್ವವಾಯುವಿನ ನಂತರದ ಚೇತರಿಕೆಗೆ ಕೋಶ ಚಿಕಿತ್ಸೆ ರೂಪಿಸುವ ಕ್ರಮ

ಮಿದುಳಿನ ರಕ್ತನಾಳವೊಂದು ಮುಚ್ಚಿಕೊಂಡಾಗ ವೈದ್ಯರಿಗೆ ಸಿಗುವ ಕಾಲಾವಕಾಶ ಬಹಳ ಚಿಕ್ಕದು. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ತೊಡೆಯ ರಕ್ತನಾಳದಿಂದ ಕೊಳವೆ ಹಾಯಿಸಿ ಹೆಪ್ಪನ್ನು ಎಳೆದು ತೆಗೆಯುವ ಚಿಕಿತ್ಸೆ ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ಸಲ್ಲುತ್ತದೆ. ಆ ಗಡಿ ದಾಟಿದವರಿಗೆ ಹಾನಿಗೊಂಡ ಮಿದುಳನ್ನೇ ದುರಸ್ತಿ ಮಾಡುವ ಔಷಧವಿಲ್ಲ. ಫಿಸಿಯೋಥೆರಪಿ, ಮಾತಿನ ತರಬೇತಿ ಮತ್ತು ಮನೆಯವರ ಆರೈಕೆಯ ಬಲದಲ್ಲೇ ಅವರ ಚೇತರಿಕೆ ನಡೆಯಬೇಕು. ಈ ಕೊರತೆಯನ್ನು ಜೀವಕೋಶಗಳಿಂದ ತುಂಬಬಹುದೆಂಬ ನಿರೀಕ್ಷೆಯಲ್ಲಿ 1990ರ ದಶಕದ ಕೊನೆಗೆ ಅಮೆರಿಕದ ಪಿಟ್ಸ್‌ಬರ್ಗ್‌ನ ವೈದ್ಯರು ಪ್ರಯೋಗಾಲಯದಲ್ಲಿ ಬೆಳೆಸಿದ ನರಕೋಶಗಳನ್ನು ಕೆಲವು ರೋಗಿಗಳ ಮಿದುಳಿನಲ್ಲಿ ನೆಲೆಗೊಳಿಸಿದರು. ಅಂದಿನಿಂದ ನಡೆದ ಪ್ರಯೋಗಗಳ ಫಲಿತಾಂಶ ಸುರಕ್ಷತೆಯ ಮಟ್ಟಿಗೆ ಬಹುಪಾಲು ಸಮಾಧಾನಕರ, ಪರಿಣಾಮದ ಮಟ್ಟಿಗೆ ಬಹುಪಾಲು ನಿರಾಶಾದಾಯಕ. ಈ ಕ್ಷೇತ್ರಕ್ಕೆ ಹೊಸದಾಗಿ ಬರುವ ಸಂಶೋಧಕರು ಮತ್ತು ನರರೋಗ ತಜ್ಞರು ಯಾವ ಕ್ರಮದಲ್ಲಿ ಕೆಲಸ ಮಾಡಬೇಕೆಂಬುದನ್ನು ಆ ಸೋಲುಗಳನ್ನು ಮುಂದಿಟ್ಟುಕೊಂಡೇ ಇಲ್ಲಿ ವಿವರಿಸಲಾಗಿದೆ.

ಕೋಶಕ್ಕಿಂತ ಮೊದಲು ಕಾಲವನ್ನು ನಿರ್ಧರಿಸಿ

ತಮ್ಮ ಪ್ರಯೋಗಾಲಯದಲ್ಲಿ ಯಾವ ಕೋಶ ಚೆನ್ನಾಗಿ ಬೆಳೆಯುತ್ತದೋ ಅದನ್ನು ಹಿಡಿದುಕೊಂಡು ಅದಕ್ಕೊಂದು ಕಾಯಿಲೆ ಹುಡುಕುವ ತಂಡಗಳೇ ಹೆಚ್ಚು. ಈ ಕ್ರಮವೇ ತಲೆಕೆಳಗಾದದ್ದು. ಪಾರ್ಶ್ವವಾಯು ಒಂದೇ ಕಾಯಿಲೆಯ ಹೆಸರಾದರೂ ಮೊದಲ ವಾರದ ಮಿದುಳು, ಎರಡನೇ ತಿಂಗಳ ಮಿದುಳು ಮತ್ತು ಎರಡನೇ ವರ್ಷದ ಮಿದುಳು ಮೂರು ಬೇರೆ ಬೇರೆ ಅಂಗಗಳೇ ಎನ್ನುವಷ್ಟು ಭಿನ್ನವಾಗಿರುತ್ತವೆ.

ಮೊದಲ ಕೆಲವು ದಿನಗಳಲ್ಲಿ ಮಿದುಳಿನ ರಕ್ತನಾಳಗಳ ಗೋಡೆ ಸೋರುತ್ತಿರುತ್ತದೆ, ಗುಲ್ಮದಿಂದ ಹೊರಟ ಬಿಳಿ ರಕ್ತಕಣಗಳು ಹಾನಿಗೊಂಡ ಜಾಗಕ್ಕೆ ನುಗ್ಗುತ್ತವೆ, ಸತ್ತ ಭಾಗದ ಸುತ್ತಲಿನ ಅಂಗಾಂಶವೂ ಉರಿಯೂತಕ್ಕೆ ಸಿಲುಕುತ್ತದೆ. ಇಲ್ಲಿ ಕೋಶಗಳಿಂದ ನಿರೀಕ್ಷಿಸಬೇಕಾದದ್ದು ಉರಿಯೂತವನ್ನು ತಗ್ಗಿಸುವ ಕೆಲಸವನ್ನು. ಒಂದು ವಾರದಿಂದ ಮೂರು ತಿಂಗಳವರೆಗಿನ ಅವಧಿಯಲ್ಲಿ ಉಳಿದ ನರಕೋಶಗಳು ಹೊಸ ಕವಲುಗಳನ್ನು ಚಾಚುತ್ತವೆ, ಹೊಸ ಲೋಮನಾಳಗಳು ಮೂಡುತ್ತವೆ; ರೋಗಿ ತಾನಾಗಿಯೇ ಚೇತರಿಸಿಕೊಳ್ಳುವುದೂ ಬಹುಪಾಲು ಈ ಅವಧಿಯಲ್ಲೇ. ಇಲ್ಲಿ ಕೋಶದ ಕೆಲಸ ಈಗಾಗಲೇ ನಡೆಯುತ್ತಿರುವ ದುರಸ್ತಿಗೆ ಒತ್ತಾಸೆ ನೀಡುವುದು. ಆರು ತಿಂಗಳು ಕಳೆದ ಮೇಲೆ ಸತ್ತ ಭಾಗ ದ್ರವ ತುಂಬಿದ ಪೊಳ್ಳಾಗಿ, ಅದರ ಅಂಚಿನಲ್ಲಿ ಗಾಯದ ಕಲೆ ಗಟ್ಟಿಯಾಗಿರುತ್ತದೆ. ಆ ಪೊಳ್ಳಿನೊಳಕ್ಕೆ ನೇರವಾಗಿ ಕೋಶ ಸುರಿಯುವುದು ನೆರೆಯಲ್ಲಿ ಮಣ್ಣು ಕೊಚ್ಚಿಹೋದ ಗದ್ದೆಯಲ್ಲಿ ಪೈರು ನಾಟಿದಂತೆ. ಆದ್ದರಿಂದಲೇ ಶಸ್ತ್ರವೈದ್ಯರು ಪೊಳ್ಳನ್ನು ಬಿಟ್ಟು ಅದರ ಸುತ್ತಲಿನ ಜೀವಂತ ಅಂಗಾಂಶವನ್ನು ಗುರಿಯಾಗಿಸುತ್ತಾರೆ.

ಯಾವ ಬಗೆಯ ರೋಗಿಗೆ, ಲಕ್ವ ಹೊಡೆದ ಎಷ್ಟನೇ ದಿನ, ಯಾವ ದಾರಿಯಲ್ಲಿ, ಯಾವ ಬದಲಾವಣೆಯನ್ನು ಬಯಸಿ ಈ ಉತ್ಪನ್ನವನ್ನು ಕೊಡುತ್ತೇವೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದು ತಂಡದವರೆಲ್ಲರ ಮುಂದಿಡಿ. ಆ ವಾಕ್ಯ ಬರೆಯಲಾಗದಿದ್ದರೆ ಕೋಶ ಬೆಳೆಸುವ ಒಂದು ಫ್ಲಾಸ್ಕನ್ನೂ ಕೊಳ್ಳಬೇಡಿ. ಮುಂದಿನ ಪ್ರತಿಯೊಂದು ತೀರ್ಮಾನವೂ, ಶೀತಲೀಕರಣದ ಪೆಟ್ಟಿಗೆಯಿಂದ ಹಿಡಿದು ಅಂಕಿಅಂಶದ ಲೆಕ್ಕದವರೆಗೆ, ಅದರಿಂದಲೇ ಹುಟ್ಟಬೇಕು.

ಕೋಶದ ಆಯ್ಕೆ

ರೋಗಿಯ ಸ್ವಂತ ಅಸ್ಥಿಮಜ್ಜೆಯಿಂದ ತೆಗೆದ ಮಾನೋನ್ಯೂಕ್ಲಿಯರ್ (ಒಂದೇ ದುಂಡು ಕೋಶಕೇಂದ್ರವಿರುವ) ಕೋಶಗಳನ್ನು ಬೆಳೆಸದೆ ಅದೇ ದಿನ ವಾಪಸು ಕೊಡಬಹುದು. ಕಡಿಮೆ ಖರ್ಚಿನ ಈ ವಿಧಾನವನ್ನು ದೆಹಲಿಯ ಏಮ್ಸ್‌ನ ಡಾ. ಕಾಮೇಶ್ವರ್ ಪ್ರಸಾದ್ ನೇತೃತ್ವದಲ್ಲಿ ಭಾರತದ ಐದು ಕೇಂದ್ರಗಳು 120 ರೋಗಿಗಳಲ್ಲಿ ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದವು. ಸರಾಸರಿ 28 ಕೋಟಿ ಕೋಶಗಳನ್ನು ರಕ್ತನಾಳಕ್ಕೆ ಹರಿಸಲಾಗಿತ್ತು. ಚಿಕಿತ್ಸೆ ಸುರಕ್ಷಿತವೆಂದು ಕಂಡಿತು. ಆದರೆ ಆರು ತಿಂಗಳ ನಂತರ ಕೋಶ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸ ಕಾಣಲಿಲ್ಲ. ನಮ್ಮ ದೇಶದಲ್ಲಿ ಈ ಕ್ಷೇತ್ರದಲ್ಲಿ ನಡೆದ ಅತ್ಯಂತ ಪ್ರಾಮಾಣಿಕ ಕೆಲಸಗಳಲ್ಲಿ ಇದೊಂದೆಂದು ನನ್ನ ಅಭಿಪ್ರಾಯ. ಇದನ್ನು ಓದದೆ ‘ನಿಮ್ಮದೇ ಕೋಶ, ಆದ್ದರಿಂದ ಗುಣ ಖಚಿತ’ ಎಂದು ಮಾತಾಡುವವರಿಂದ ದೂರವಿರುವುದು ಒಳ್ಳೆಯದು.

ಸ್ವಂತ ಕೋಶವನ್ನು ಬೆಳೆಸಿ ಕೊಡುವುದಾದರೆ ವಾರಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಮೇಲೆ ಹೇಳಿದ ಕಾಲದ ಕಿಟಕಿ ಮುಚ್ಚಿರುತ್ತದೆ. ಮೇಲಾಗಿ ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆಯಿರುವ ವ್ಯಕ್ತಿಯ ಕೋಶಗಳು ಯುವ ದಾನಿಯ ಕೋಶಗಳಷ್ಟು ಚುರುಕಾಗಿ ವಿಭಜನೆಯಾಗುವುದಿಲ್ಲ.

ದಾನಿಗಳ ಅಸ್ಥಿಮಜ್ಜೆ, ಕೊಬ್ಬು ಅಥವಾ ಹೊಕ್ಕುಳಬಳ್ಳಿಯಿಂದ ಬೆಳೆಸಿದ ಮೆಸೆಂಕೈಮಲ್ ಕೋಶಗಳನ್ನು (ಮೂಳೆ, ಮೃದ್ವಸ್ಥಿ, ಕೊಬ್ಬುಗಳಾಗಿ ಬೆಳೆಯಬಲ್ಲ ಕೋಶಗಳನ್ನು) ಮೊದಲೇ ತಯಾರಿಸಿ ಹೆಪ್ಪುಗಟ್ಟಿಸಿ ಇಟ್ಟುಕೊಳ್ಳಬಹುದು. ಇವು ನರಕೋಶಗಳಾಗಿ ಬದಲಾಗುತ್ತವೆಂಬ ಮಾತನ್ನು ನಂಬಬೇಕಾಗಿಲ್ಲ. ಹೆಚ್ಚಿನವು ಕೆಲವೇ ದಿನಗಳಲ್ಲಿ ದೇಹದಿಂದ ಮರೆಯಾಗುತ್ತವೆ. ಅವು ಸ್ರವಿಸುವ ಪ್ರೋಟೀನುಗಳು ಮತ್ತು ಸೂಕ್ಷ್ಮ ಕೋಶಿಕೆಗಳೇ (ಅತಿ ಚಿಕ್ಕ ಚೀಲಗಳೇ) ರೋಗನಿರೋಧಕ ವ್ಯವಸ್ಥೆಯ ವರ್ತನೆಯನ್ನು ಬದಲಿಸುತ್ತವೆ. ಭ್ರೂಣದ ಮಿದುಳಿನಿಂದ ಬಂದ, ನರಕೋಶಗಳಾಗಿ ಬೆಳೆಯಬಲ್ಲ ನರ ಕಾಂಡಕೋಶಗಳ ಕಥೆ ಬೇರೆ. ಬ್ರಿಟನ್ನಿನ ರೀನ್ಯೂರಾನ್ ಸಂಸ್ಥೆ ಅಂಥ ಒಂದು ಕೋಶವಂಶಕ್ಕೆ, ಟ್ಯಾಮಾಕ್ಸಿಫೆನ್‌ನ ರೂಪಾಂತರವೊಂದು ಇದ್ದಾಗ ಮಾತ್ರ ಬೆಳವಣಿಗೆಯನ್ನು ಪ್ರಚೋದಿಸುವ ಜೀನ್ ಸೇರಿಸಿತ್ತು, ಮಿದುಳಿನೊಳಗೆ ಹೋದ ಮೇಲೆ ವಿಭಜನೆ ನಿಲ್ಲಲಿ ಎಂಬ ಉದ್ದೇಶದಿಂದ. ಐಪಿಎಸ್ ಕೋಶಗಳಿಂದ (ಸಾಮಾನ್ಯ ಕೋಶಗಳನ್ನು ಮರುರೂಪಿಸಿ ಪಡೆದ ಕಾಂಡಕೋಶಗಳಿಂದ) ನರಕೋಶ ತಯಾರಿಸುವವರು ಪಕ್ವವಾಗದೆ ಉಳಿದ ಬೆರಳೆಣಿಕೆಯ ಕೋಶಗಳೂ ಗೆಡ್ಡೆಯಾಗಬಲ್ಲವು ಎಂಬ ಭಯದೊಂದಿಗೇ ಕೆಲಸ ಮಾಡಬೇಕಾಗುತ್ತದೆ. ಮೊದಲ ಯೋಜನೆಗೆ ದಾನಿಯ ಮೆಸೆಂಕೈಮಲ್ ಕೋಶವನ್ನೇ ನಾನು ಸೂಚಿಸುತ್ತೇನೆ. ಅದು ಶ್ರೇಷ್ಠವೆಂದಲ್ಲ, ಅದರ ಸುರಕ್ಷತೆಯ ಬಗ್ಗೆ ಅತಿ ಹೆಚ್ಚು ಮಾಹಿತಿ ಇದೆಯೆಂದು.

ದಾರಿ ಮತ್ತು ಪ್ರಮಾಣ

ಕೈಯ ರಕ್ತನಾಳಕ್ಕೆ ಹರಿಸಿದ ಕೋಶ ಮಿದುಳಿಗೆ ಹೋಗುತ್ತದೆಂದು ಊಹಿಸಬೇಡಿ. ಬೆಳೆಸಿದ ಮೆಸೆಂಕೈಮಲ್ ಕೋಶದ ಅಡ್ಡಳತೆ ಸುಮಾರು 15ರಿಂದ 30 ಮೈಕ್ರಾನ್. ಶ್ವಾಸಕೋಶದ ಲೋಮನಾಳಗಳು 10 ಮೈಕ್ರಾನಿಗಿಂತ ಕಿರಿದು. ಬಹುಪಾಲು ಕೋಶಗಳು ಅಲ್ಲೇ ಸಿಲುಕುತ್ತವೆ. ಉರಿಯೂತ ತಗ್ಗಿಸುವುದೇ ಗುರಿಯಾದರೆ ಇದರಿಂದ ದೊಡ್ಡ ನಷ್ಟವಿಲ್ಲ, ಏಕೆಂದರೆ ಶ್ವಾಸಕೋಶ ಮತ್ತು ಗುಲ್ಮದಿಂದಲೇ ಆ ಕೆಲಸ ನಡೆಯಬಹುದು. ಆದರೆ ‘ಕೋಶ ಹೋಗಿ ಮಿದುಳಿನಲ್ಲಿ ನೆಲೆಸುತ್ತದೆ’ ಎಂದು ಅರ್ಜಿಯಲ್ಲಿ ಬರೆದು ರಕ್ತನಾಳದ ದಾರಿ ಹಿಡಿದರೆ ಪರಿಶೀಲಕರು ಮೊದಲು ಕೇಳುವ ಪ್ರಶ್ನೆಗೇ ಉತ್ತರವಿರುವುದಿಲ್ಲ. ಕತ್ತಿನ ಧಮನಿಯ ಮೂಲಕ ಕೊಟ್ಟರೆ ಶ್ವಾಸಕೋಶ ತಪ್ಪುತ್ತದೆ. ಆದರೆ ಕೋಶಗಳು ಗುಂಪುಗಟ್ಟಿ ಹೊಸ ಅಡಚಣೆ ಉಂಟುಮಾಡುವ ಅಪಾಯವಿದೆ, ಹರಿಸುವ ವೇಗವನ್ನೂ ಪ್ರಮಾಣವನ್ನೂ ಬಿಗಿಯಾಗಿ ಮಿತಿಗೊಳಿಸಬೇಕು. ತಲೆಬುರುಡೆಗೆ ಸಣ್ಣ ರಂಧ್ರ ಕೊರೆದು ಮಿದುಳಿಗೇ ಸೇರಿಸುವ ವಿಧಾನದಲ್ಲಿ ಕೋಶಗಳ ಸಂಖ್ಯೆ ಕಡಿಮೆ ಸಾಕು. ಗ್ಲಾಸ್ಗೊದಲ್ಲಿ ನಡೆದ ರೀನ್ಯೂರಾನ್ ಸಂಸ್ಥೆಯ ಮೊದಲ ಪ್ರಯೋಗದಲ್ಲಿ 11 ರೋಗಿಗಳಿಗೆ 20 ಲಕ್ಷದಿಂದ 2 ಕೋಟಿಯವರೆಗೆ ಕೊಡಲಾಗಿತ್ತು.

ಪ್ರಮಾಣದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. 300 ಗ್ರಾಂ ತೂಕದ ಇಲಿಗೆ 30 ಲಕ್ಷ ಕೋಶ ಕೊಟ್ಟು ಒಳ್ಳೆಯ ಫಲ ಕಂಡಿರೆನ್ನಿ. ತೂಕದ ಆಧಾರದ ಮೇಲೆ ಅದು 60 ಕಿಲೋ ತೂಕದ ಮನುಷ್ಯನಿಗೆ 60 ಕೋಟಿ ಕೋಶವಾಗುತ್ತದೆ. ನಿಮ್ಮ ತಯಾರಿಕಾ ಘಟಕ ಅಷ್ಟನ್ನು ಪ್ರತಿ ರೋಗಿಗೂ ಒಂದೇ ಗುಣಮಟ್ಟದಲ್ಲಿ ಕೊಡಲಾರದೆಂದಾದರೆ ಆ ಇಲಿಯ ಪ್ರಯೋಗ ನಿಮ್ಮ ಉತ್ಪನ್ನದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಪ್ರಾಣಿ ಪ್ರಯೋಗ

ಪಾರ್ಶ್ವವಾಯು ಸಂಶೋಧನೆಯಲ್ಲಿ ಇಲಿಗಳು ಗುಣವಾದಷ್ಟು ಮನುಷ್ಯರು ಗುಣವಾಗಿಲ್ಲ. 1999ರಲ್ಲಿ ಪ್ರಾಣಿ ಪ್ರಯೋಗಗಳ ಗುಣಮಟ್ಟಕ್ಕಾಗಿ ಸ್ಟೇರ್ ಎಂಬ ಹೆಸರಿನ ಶಿಫಾರಸುಗಳು ಬಂದದ್ದು ಇದೇ ಕಾರಣಕ್ಕೆ. ಅವನ್ನು ಬಹುಮಟ್ಟಿಗೆ ಪೂರೈಸಿದೆಯೆಂದು ಭಾವಿಸಲಾಗಿದ್ದ ಎನ್‌ಎಕ್ಸ್‌ವೈ-059 ಎಂಬ ಔಷಧವೂ 2006ರ ಪ್ರಯೋಗದಲ್ಲಿ ಆಸೆ ಹುಟ್ಟಿಸಿ 2007ರ ದೊಡ್ಡ ಪ್ರಯೋಗದಲ್ಲಿ ಸೋತಿತು. ಹಿಂತಿರುಗಿ ನೋಡಿದಾಗ ಪ್ರಾಣಿ ಪ್ರಯೋಗಗಳಲ್ಲಿ ಯಾವ ಪ್ರಾಣಿಗೆ ಔಷಧವೆಂದು ಚೀಟಿ ಎತ್ತಿ ಹಂಚುವ ಕ್ರಮ ಮತ್ತು ಅದನ್ನು ಅಳೆಯುವವರಿಂದ ಗುಟ್ಟಾಗಿಡುವ ಕ್ರಮ ಸಡಿಲವಾಗಿದ್ದವೆಂಬ ಟೀಕೆ ಬಂತು. ಎಳೆಯ, ಆರೋಗ್ಯವಂತ ಗಂಡು ಇಲಿಗಳಲ್ಲಿ ಮಾತ್ರ ಪರೀಕ್ಷಿಸಿ ತೃಪ್ತರಾಗಬೇಡಿ. ವಯಸ್ಸಾದ ಇಲಿಗಳು, ರಕ್ತದೊತ್ತಡವಿರುವ ತಳಿ, ಎರಡೂ ಲಿಂಗ ಇವೆಲ್ಲ ಇರಬೇಕು. ಒಂದು ಪ್ರಯೋಗವನ್ನಾದರೂ ಬೇರೊಂದು ಸಂಸ್ಥೆಯಲ್ಲಿ ಮರುಮಾಡಿಸಬೇಕು.

ಸತ್ತ ಭಾಗದ ಗಾತ್ರಕ್ಕಿಂತ ಚಲನೆಯ ಅಳತೆ ಮುಖ್ಯ. ಸಿಲಿಂಡರ್ ಪರೀಕ್ಷೆಯನ್ನು ನೋಡಿ: ಇಲಿಯನ್ನು ಪಾರದರ್ಶಕ ಕೊಳವೆಯೊಳಗೆ ಬಿಟ್ಟರೆ ಅದು ಹಿಂಗಾಲ ಮೇಲೆ ಎದ್ದು, ಮುಂಗಾಲುಗಳನ್ನು ಗೋಡೆಗೆ ಊರಿ ಸುತ್ತಲೂ ಮೂಸುತ್ತದೆ. ಹಾನಿಗೊಂಡ ಇಲಿ ಪೀಡಿತ ಕಾಲನ್ನು ಎದೆಗೆ ಮಡಚಿಕೊಂಡು ಒಂದೇ ಕಾಲಿನಿಂದ ಗೋಡೆ ಹಿಡಿಯುತ್ತದೆ. ನಿಧಾನಗತಿಯ ವಿಡಿಯೊದಲ್ಲಿ ಪ್ರತಿ ಸ್ಪರ್ಶವನ್ನೂ ಎಣಿಸಬೇಕು, ಎಣಿಸುವವರಿಗೆ ಯಾವ ಇಲಿಗೆ ಕೋಶ ಕೊಟ್ಟಿದೆಯೆಂದು ಗೊತ್ತಿರಬಾರದು. ಕೋಶ ಗೆಡ್ಡೆಯಾಗುವುದೇ ಎಂಬ ಪರೀಕ್ಷೆಯನ್ನು ಮಾತ್ರ ರೋಗನಿರೋಧಕ ಶಕ್ತಿ ಇಲ್ಲದ ತಳಿಯಲ್ಲಿ ತಿಂಗಳುಗಟ್ಟಲೆ ನಡೆಸಬೇಕು, ಏಕೆಂದರೆ ಸಾಮಾನ್ಯ ಇಲಿಯ ದೇಹ ಮನುಷ್ಯನ ಕೋಶಗಳನ್ನು ಬೇಗನೆ ನಾಶಪಡಿಸಿ ಎಲ್ಲವೂ ಸುರಕ್ಷಿತವೆಂಬ ಸುಳ್ಳು ಭರವಸೆ ಕೊಡುತ್ತದೆ.

ತಯಾರಿಕೆ

ಕೋಶ ಚಿಕಿತ್ಸೆಯಲ್ಲಿ ತಯಾರಿಸುವ ವಿಧಾನವೇ ಉತ್ಪನ್ನ. ಬೆಳೆಸುವ ದ್ರವದಲ್ಲಿ ಕರುವಿನ ಸೀರಂ ಬದಲು ಮಾನವ ಪ್ಲೇಟ್‌ಲೆಟ್ ಸಾರ ಬಳಸಿದರೆ, ಫ್ಲಾಸ್ಕಿನ ಬದಲು ಬಯೋರಿಯಾಕ್ಟರ್‌ಗೆ ಹೋದರೆ, ಹೊಸ ಪಾತ್ರೆಗೆ ಬದಲಿಸಿ ಬೆಳೆಸುವ ಸುತ್ತುಗಳಲ್ಲಿ (ಪ್ಯಾಸೇಜ್) ನಾಲ್ಕನೆಯದರ ಬದಲು ಎಂಟನೆಯದನ್ನು ತೆಗೆದರೆ ನಿಮ್ಮ ಕೈಯಲ್ಲಿರುವುದು ಬೇರೆಯೇ ಉತ್ಪನ್ನ. ಆದ್ದರಿಂದ ಪ್ರಾಣಿಗಳಲ್ಲಿ ಪರೀಕ್ಷಿಸುವ ಮೊದಲೇ ವಿಧಾನವನ್ನು ಸಾಧ್ಯವಾದಷ್ಟೂ ಸ್ಥಿರಗೊಳಿಸಿ. ದಾನಿಯನ್ನು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಮುಂತಾದವುಗಳಿಗೆ ಪರೀಕ್ಷಿಸಿ ಮೂಲ ಕೋಶನಿಧಿ (ಹೆಪ್ಪುಗಟ್ಟಿಸಿಟ್ಟ ಕೋಶಗಳ ಸಂಗ್ರಹ) ಮಾಡಿ, ಅದರಿಂದ ಬಳಕೆಯ ಕೋಶನಿಧಿ ಮಾಡಿ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಹಲವು ದಾನಿಗಳ ಅಸ್ಥಿಮಜ್ಜೆಯ ಕೋಶಗಳನ್ನು ಕೂಡಿಸಿ ನಿಧಿ ಮಾಡುವ ಮಾರ್ಗ ಹಿಡಿದು, ಕಾಲಿನ ರಕ್ತಪರಿಚಲನೆಯ ತೀವ್ರ ಕೊರತೆಗೆ ಕೊಡುವ ಉತ್ಪನ್ನಕ್ಕೆ ಭಾರತದ ನಿಯಂತ್ರಕರ ಅನುಮತಿ ಪಡೆದಿದೆ. ಪಾರ್ಶ್ವವಾಯುವಿಗೆ ಆ ಅನುಮತಿ ಅನ್ವಯಿಸದಿದ್ದರೂ ತಯಾರಿಕೆಯ ಪಾಠ ಅನ್ವಯಿಸುತ್ತದೆ.

ಪ್ರತಿ ತಂಡಕವನ್ನೂ (ಒಮ್ಮೆಗೆ ತಯಾರಾದ ಬ್ಯಾಚನ್ನೂ) ಗುರುತು, ಶುದ್ಧತೆ, ಜೀವಂತಿಕೆ ಮತ್ತು ಸಾಮರ್ಥ್ಯಗಳಿಗೆ ಪರೀಕ್ಷಿಸಬೇಕು. ಮೆಸೆಂಕೈಮಲ್ ಕೋಶಗಳ ಗುರುತಿಗೆ ಅಂತರರಾಷ್ಟ್ರೀಯ ಕೋಶ ಚಿಕಿತ್ಸಾ ಸಂಘ 2006ರಲ್ಲಿ ಕೊಟ್ಟ ಮಾನದಂಡ ಇಂದಿಗೂ ಬಳಕೆಯಲ್ಲಿದೆ: ಕೋಶದ ಮೇಲ್ಮೈಯ ಪ್ರೋಟೀನುಗಳಾದ ಸಿಡಿ73, ಸಿಡಿ90, ಸಿಡಿ105 ಗುರುತುಗಳು ಕನಿಷ್ಠ 95 ಶೇಕಡಾ ಕೋಶಗಳಲ್ಲಿರಬೇಕು, ರಕ್ತಕೋಶಗಳ ಗುರುತುಗಳಾದ ಸಿಡಿ45, ಸಿಡಿ34 ಮುಂತಾದವು 2 ಶೇಕಡಾ ಮೀರಬಾರದು. ಬ್ಯಾಕ್ಟೀರಿಯ, ಶಿಲೀಂಧ್ರ, ಮೈಕೋಪ್ಲಾಸ್ಮಾ, ಎಂಡೋಟಾಕ್ಸಿನ್ ಪರೀಕ್ಷೆಗಳ ಜೊತೆ ವರ್ಣತಂತುಗಳ ಪರೀಕ್ಷೆಯೂ ಬೇಕು. ನಂಜುರಹಿತತೆಯ ಸಾಂಪ್ರದಾಯಿಕ ಪರೀಕ್ಷೆ 14 ದಿನ ತೆಗೆದುಕೊಳ್ಳುತ್ತದೆ. ಹೆಪ್ಪುಗಟ್ಟಿಸಿದ ಉತ್ಪನ್ನಕ್ಕೆ ಅಷ್ಟು ಕಾಯಲು ಆಗುತ್ತದೆ, ತಾಜಾ ಉತ್ಪನ್ನಕ್ಕೆ ಆಗುವುದಿಲ್ಲ. ಎಲ್ಲಕ್ಕಿಂತ ಕಷ್ಟದ್ದು ಸಾಮರ್ಥ್ಯ ಪರೀಕ್ಷೆ. ಉರಿಯೂತ ತಗ್ಗಿಸುತ್ತದೆಂದು ಹೇಳುವ ಕೋಶ ಪ್ರಯೋಗಾಲಯದಲ್ಲಿ ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳ ವಿಭಜನೆಯನ್ನು ಎಷ್ಟು ತಡೆಯುತ್ತದೆಂದು ಪ್ರತಿ ತಂಡಕದಲ್ಲೂ ಅಳೆಯಲೇಬೇಕು. ಈ ಪರೀಕ್ಷೆಯನ್ನು ರೋಗಿಗಳಲ್ಲಿ ನಡೆಸುವ ಪ್ರಯೋಗದ ಮೂರನೇ ಹಂತದವರೆಗೆ ಮುಂದೂಡುವುದು ಉದ್ಯಮದಲ್ಲಿ ರೂಢಿಯಾಗಿದೆ. ಸೋತ ಪ್ರಯೋಗದಲ್ಲಿ ಕೋಶ ಕೆಟ್ಟಿತ್ತೋ ಕಲ್ಪನೆ ತಪ್ಪಿತ್ತೋ ಎಂದು ಹೇಳಲಾಗದೆ ಉಳಿಯುವುದು ಇದೇ ರೂಢಿಯಿಂದ.

ಕೊನೆಯ ಅರ್ಧ ಗಂಟೆಯನ್ನು ಯಾರೂ ಸಾಕಷ್ಟು ಗಮನಿಸುವುದಿಲ್ಲ. ದ್ರವ ಸಾರಜನಕದ ಆವಿಯಿಂದ ಹೊರತೆಗೆದ ವಯಲನ್ನು 37 ಡಿಗ್ರಿಯ ನೀರಿನಲ್ಲಿ ಮೆಲ್ಲಗೆ ತಿರುಗಿಸುತ್ತ, ಒಳಗೆ ಅಕ್ಕಿಕಾಳಿನಷ್ಟು ಮಂಜು ಉಳಿದಿರುವಾಗಲೇ ಹೊರತೆಗೆಯಬೇಕು. ಹೆಪ್ಪುಗಟ್ಟಿಸುವಾಗ ಕೋಶಗಳನ್ನು ಕಾಪಾಡಲು ಬಳಸಿದ ರಾಸಾಯನಿಕ ಡಿಎಂಎಸ್‌ಒ ಕೋಣೆಯ ಉಷ್ಣತೆಯಲ್ಲಿ ಕೋಶಗಳಿಗೆ ವಿಷ; ಹಾಗೆಂದು ಒಮ್ಮೆಗೇ ದ್ರವ ಸುರಿದು ತೆಳುವಾಗಿಸಿದರೆ ಕೋಶಗಳು ಊದಿ ಒಡೆಯುತ್ತವೆ, ಹನಿಹನಿಯಾಗಿ ಸೇರಿಸಬೇಕು. ಚೀಲವನ್ನು ಹತ್ತು ನಿಮಿಷ ಸ್ಟ್ಯಾಂಡಿನಲ್ಲಿ ತೂಗುಹಾಕಿ ಮರೆತರೆ ಕೋಶಗಳು ತಳಕ್ಕಿಳಿದು, ರೋಗಿಗೆ ಮೊದಲು ಮುದ್ದೆಯೂ ಆಮೇಲೆ ಬರೀ ನೀರೂ ಹೋಗುತ್ತದೆ. ದಾದಿಯರು ಚೀಲವನ್ನು ಆಗಾಗ್ಗೆ ಬುಡಮೇಲು ಮಾಡುತ್ತಿರಬೇಕು, ರಕ್ತ ಕೊಡುವ ಸೆಟ್ಟಿನ ಫಿಲ್ಟರ್ ಇರಬೇಕು. ಜೀವಂತ ಕೋಶಗಳ ಪ್ರಮಾಣ 70 ಶೇಕಡಾಕ್ಕಿಂತ ಕಡಿಮೆಯಿದ್ದರೆ ಬಳಸಬಾರದೆಂಬ ಮಿತಿಯನ್ನು ಕಾರ್ಖಾನೆಯ ಕಾಗದದಲ್ಲಿ ಬರೆದಿಟ್ಟರೆ ಸಾಲದು. ಆಸ್ಪತ್ರೆಯಲ್ಲಿ ಕರಗಿಸಿದ ಮೇಲೂ ಅಳೆಯಬೇಕು.

ರೋಗಿಗಳಲ್ಲಿ ಪ್ರಯೋಗ

ಮೊದಲ ಹಂತದಲ್ಲಿ ಪ್ರಮಾಣವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಸುರಕ್ಷತೆಯನ್ನಷ್ಟೇ ನೋಡಬೇಕು. ಇಲ್ಲಿ ಕಂಡ ಸುಧಾರಣೆಗೆ ಮರುಳಾಗಬಾರದು. ಸ್ಯಾನ್‌ಬಯೊ ಸಂಸ್ಥೆಯ ಮಾರ್ಪಡಿಸಿದ ಅಸ್ಥಿಮಜ್ಜೆಯ ಕೋಶಗಳನ್ನು 18 ಮಂದಿಯ ಮಿದುಳಿಗೆ ಸೇರಿಸಿದ ಅಧ್ಯಯನ 2016ರಲ್ಲಿ ಪ್ರಕಟವಾದಾಗ ವರ್ಷಗಳಿಂದ ಆಡದ ಕೈಕಾಲು ಆಡಿದವೆಂಬ ಸುದ್ದಿ ಜಗತ್ತೆಲ್ಲ ಹರಡಿತು. ಅದರಲ್ಲಿ ಹೋಲಿಕೆಯ ಗುಂಪೇ ಇರಲಿಲ್ಲ. 163 ರೋಗಿಗಳ ಮುಂದಿನ ಪ್ರಯೋಗದಲ್ಲಿ ಹೋಲಿಕೆಯ ಗುಂಪಿನವರಿಗೂ ಶಸ್ತ್ರಕ್ರಿಯೆಯ ತೋರಿಕೆ ಮಾಡಲಾಯಿತು. 2019ರಲ್ಲಿ ಬಂದ ಫಲಿತಾಂಶದಲ್ಲಿ ಮುಖ್ಯ ಗುರಿ ಈಡೇರಲಿಲ್ಲ. ತಲೆಗೆ ರಂಧ್ರ ಕೊರೆಸಿಕೊಂಡ ರೋಗಿಯ ನಿರೀಕ್ಷೆ, ಅವರಿಗೆ ಸಿಗುವ ಹೆಚ್ಚಿನ ಆರೈಕೆ, ಅಭ್ಯಾಸಕ್ಕೆ ಬರುವ ಹೊಸ ಹುರುಪು ಇವೆಲ್ಲ ಅಂಕಗಳನ್ನು ಏರಿಸುತ್ತವೆ.

ಉಪಗುಂಪಿನ ಲೆಕ್ಕಾಚಾರ ಇನ್ನೊಂದು ಬಲೆ. ಮಲ್ಟಿಸ್ಟೆಮ್ ಎಂಬ ಉತ್ಪನ್ನದ 120 ಕೋಟಿ ಕೋಶಗಳನ್ನು ಪಾರ್ಶ್ವವಾಯುವಾದ 24ರಿಂದ 48 ಗಂಟೆಯೊಳಗೆ ಕೊಟ್ಟ ಪ್ರಯೋಗದ ಮುಖ್ಯ ಫಲಿತಾಂಶ, 2017ರಲ್ಲಿ ಪ್ರಕಟವಾದಂತೆ, ತಟಸ್ಥ. 36 ಗಂಟೆಯೊಳಗೆ ಪಡೆದವರನ್ನು ಮಾತ್ರ ಬೇರ್ಪಡಿಸಿ ನೋಡಿದಾಗ ಲಾಭ ಕಂಡಿತೆಂದು ಜಪಾನಿನಲ್ಲಿ 206 ರೋಗಿಗಳಲ್ಲಿ ಅದೇ ಕಾಲಮಿತಿಯೊಳಗೆ ಮತ್ತೆ ಪರೀಕ್ಷಿಸಲಾಯಿತು. ಅಲ್ಲೂ ಮುಖ್ಯ ಗುರಿ ತಲುಪಲಿಲ್ಲ. ಉಪಗುಂಪು ಮುಂದಿನ ಪ್ರಯೋಗಕ್ಕೆ ಪ್ರಶ್ನೆ ಒದಗಿಸಬಲ್ಲದು, ಅಷ್ಟೇ.

ಅಳತೆಗೋಲನ್ನು ಮೊದಲು ಬರೆದಿಟ್ಟ ವಾಕ್ಯಕ್ಕೆ ತಕ್ಕಂತೆ ಆರಿಸಿ. ಸೊನ್ನೆಯಿಂದ ಆರರವರೆಗಿನ ರ‍್ಯಾಂಕಿನ್ ಅಂಕ ಒಟ್ಟಾರೆ ಸ್ವಾವಲಂಬನೆಯನ್ನು ಹೇಳುತ್ತದೆ, ಕೈಬೆರಳ ಹಿಡಿತ ಸುಧಾರಿಸಿದ್ದನ್ನು ಹೇಳುವುದಿಲ್ಲ. ಅದಕ್ಕೆ ಕೈಯ ಭಾಗಕ್ಕೆ 66 ಅಂಕಗಳಿರುವ ಫ್ಯೂಗಲ್-ಮೇಯರ್ ಪರೀಕ್ಷೆ ಬೇಕು. ರೋಗಿಗಳ ಆಯ್ಕೆಯೂ ಅಷ್ಟೇ ಸೂಕ್ಷ್ಮ. ರೀನ್ಯೂರಾನ್‌ನ 23 ರೋಗಿಗಳ ಎರಡನೇ ಪ್ರಯೋಗದಲ್ಲಿ ಕೈ ಸುಧಾರಿಸಿದ್ದು ಮೊದಲೇ ಅಲ್ಪಸ್ವಲ್ಪ ಚಲನೆ ಉಳಿದಿದ್ದವರಲ್ಲಿ ಮಾತ್ರ. ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ನರಮಾರ್ಗ ಪೂರ್ಣ ಕಡಿದುಹೋಗಿದೆಯೇ ಎಂಬುದನ್ನು ಎಂಆರ್‌ಐ ಮೂಲಕ ನೋಡಿ, ಸಂಪೂರ್ಣ ಕಡಿದವರನ್ನು ಬೇರೆ ಗುಂಪಾಗಿಸುವುದು ಲೇಸು. ಎರಡೂ ಗುಂಪಿಗೆ ಒಂದೇ ಪ್ರಮಾಣದ, ದಾಖಲಿಸಿದ ಫಿಸಿಯೋಥೆರಪಿ ಕಡ್ಡಾಯವಾಗಿರಲಿ. ಜಿಲ್ಲಾಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಬಹಳ ರೋಗಿಗಳಿಗೆ ವ್ಯಾಯಾಮವೇ ನಿಂತುಹೋಗುವ ನಮ್ಮಲ್ಲಿ ಇದನ್ನು ಬಜೆಟ್ಟಿನ ಮೊದಲ ಸಾಲಿನಲ್ಲೇ ಸೇರಿಸಬೇಕು.

ಅನುಮತಿ ಮತ್ತು ಅನುಸರಣೆ

ಭಾರತದಲ್ಲಿ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ಕಾಂಡಕೋಶಗಳಿಂದ ತಯಾರಾದ ಉತ್ಪನ್ನ ಹೊಸ ಔಷಧವೇ. ಸಂಸ್ಥೆಯ ಕಾಂಡಕೋಶ ಸಂಶೋಧನಾ ಸಮಿತಿ ಮತ್ತು ನೀತಿ ಸಮಿತಿಗಳ ಒಪ್ಪಿಗೆಯ ಜೊತೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ಬೇಕು, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನ ಕ್ಲಿನಿಕಲ್ ಪ್ರಯೋಗಗಳ ರಾಷ್ಟ್ರೀಯ ದಾಖಲೆಯಲ್ಲಿ ನೋಂದಣಿಯಾಗಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯು ಪಾರ್ಶ್ವವಾಯುವಿಗೆ ಕಾಂಡಕೋಶ ಕೊಡುವುದನ್ನು ಸಂಶೋಧನೆಯೆಂದೇ ಪರಿಗಣಿಸುತ್ತದೆ. ರೋಗಿಯಿಂದ ಹಣ ಪಡೆದು ‘ಪ್ಯಾಕೇಜ್’ ಮಾರುವುದಕ್ಕೆ ಅಲ್ಲಿ ಜಾಗವಿಲ್ಲ. ಲಕ್ವ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ.

ಒಪ್ಪಿಗೆ ಪತ್ರ ಓದಿಸುವಾಗ ಮಾತು ಕಳೆದುಕೊಂಡ ರೋಗಿಗೂ ಅರ್ಥ ಗ್ರಹಿಸುವ ಶಕ್ತಿ ಇರಬಹುದೆಂಬುದನ್ನು ನೆನಪಿಡಬೇಕು. ಚಿತ್ರಗಳನ್ನು ಬಳಸಿ, ನಿಧಾನವಾಗಿ, ಕನ್ನಡದಲ್ಲೇ ವಿವರಿಸಿ, ಆಮೇಲಷ್ಟೇ ಮನೆಯವರ ಸಹಿಯತ್ತ ತಿರುಗಬೇಕು. ದೀರ್ಘಾವಧಿಯ ಅಪಾಯವನ್ನೂ ಮುಚ್ಚಿಡಬಾರದು. ಪಾರ್ಶ್ವವಾಯುವಿನ ನಂತರ ಚೀನಾ, ಅರ್ಜೆಂಟೀನಾ ಮತ್ತು ಮೆಕ್ಸಿಕೊಗಳ ಖಾಸಗಿ ಕ್ಲಿನಿಕ್‌ಗಳಲ್ಲಿ ಬೆನ್ನುಹುರಿಯ ದ್ರವಕ್ಕೆ ಕೋಶ ಹಾಕಿಸಿಕೊಂಡ 66 ವರ್ಷದ ವ್ಯಕ್ತಿಯೊಬ್ಬರ ಬೆನ್ನುಹುರಿಯಲ್ಲಿ ಗೆಡ್ಡೆ ಬೆಳೆದದ್ದನ್ನು ಅಮೆರಿಕದ ವೈದ್ಯರು 2016ರಲ್ಲಿ ವರದಿ ಮಾಡಿದರು. ಗೆಡ್ಡೆಯ ಕೋಶಗಳು ಅವರವಾಗಿರಲಿಲ್ಲ, ಬೇರೊಬ್ಬರವು. ಯಾವ ಕೋಶ, ಯಾವ ದಾನಿ, ಯಾವ ತಂಡಕ ಎಂಬ ದಾಖಲೆಯಿಲ್ಲದ ಕಡೆ ಅಂಥ ಗೆಡ್ಡೆಯ ಮೂಲವನ್ನು ಪತ್ತೆಹಚ್ಚುವುದು ಬಹಳ ಕಷ್ಟ. ಆದ್ದರಿಂದ ಪ್ರತಿ ತಂಡಕದ ಕೆಲವು ವಯಲುಗಳನ್ನು ತೆಗೆದಿರಿಸಿ, ಅದನ್ನು ಪಡೆದ ಕೊನೆಯ ರೋಗಿಯ ಅನುಸರಣೆ ಮುಗಿಯುವವರೆಗೂ ದ್ರವ ಸಾರಜನಕದಲ್ಲೇ ಕಾಪಾಡಬೇಕು. ಸಾರಜನಕ ಮರುತುಂಬುವ ಹೊಣೆ ಯಾರದೆಂಬುದನ್ನು, ಪ್ರಯೋಗದ ಅನುದಾನ ಮುಗಿದ ನಂತರದ ವರ್ಷಗಳನ್ನೂ ಸೇರಿಸಿ, ಒಪ್ಪಂದದಲ್ಲೇ ಬರೆದಿಡಬೇಕು.